ಅಕ್ಕನ ತೋಟಕ್ಕೊಂದು ಚುಕ್ಕೆಯಿಲ್ಲದ ಪ್ರಶ್ನೆ

ಮುಳವಾಡದ ಆಚೆಯ ಒಂದು ಊರಿಗೆ ನಮ್ಮ ಅಕ್ಕನನ್ನು ಕೊಟ್ಟಾಗ ಅವಳ ಮನೆಯಿಂದ ಹೊಲಕ್ಕೆ ಒಂದೇ ಬಂಡಿದಾರಿ ಇತ್ತು, ನಡುವೆ ಏನೂ ಅಡ್ಡ ಇರಲಿಲ್ಲ. ಆಮೇಲೆ ಏತ ನೀರಾವರಿಯ ಕಾಲುವೆ ಬಂತು. ಬಂಡಿದಾರಿಯನ್ನು ನಡುವೆ ಕಡಿದು ಮುಂದೆ ಹೋಯಿತು. ಮನೆ ಈ ದಂಡೆಗೆ ಉಳಿಯಿತು, ಅಕ್ಕ ಕೈಯಾರೆ ಹಚ್ಚಿದ ಲಿಂಬೆ ತೋಟ ಆ ದಂಡೆಗೆ ಉಳಿಯಿತು. ಕಾಲುವೆ ಬೇಡ ಎಂದು ಊರಲ್ಲಿ ಯಾರೂ ಅನ್ನಲಿಲ್ಲ. ಅಕ್ಕನೂ ಅನ್ನಲಿಲ್ಲ. ನೀರು ಬೇಡ ಅನ್ನುವವರು ನಮ್ಮ ಕಡೆ ಹುಟ್ಟುವುದಿಲ್ಲ.

ಕಾಲುವೆ ಒಣಗಿರುವ ತನಕ ತೊಂದರೆ ಇರಲಿಲ್ಲ. ಸಿಮೆಂಟು ಬಳಿದ ಇಳಿಜಾರಿನಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿಯುವಳು, ಎಮ್ಮೆಗಳು ಅವಳ ಹಿಂದೆ ಜಾರುತ್ತ ಇಳಿಯುವವು, ಎಲ್ಲರೂ ಆ ಕಡೆ ಹತ್ತುವರು. ಒಮ್ಮೆ ಅಲ್ಲಿ ನಿಂತು ನೋಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಬರೂ ಮಳಿಗಾಲಕ್ಕ ಇದರಾಗ ನೀರ ಬಿಡ್ತಾರಂತ. ಆವಾಗ ಹ್ಯಾಂಗ?"

ಉತ್ತರ ಕೊಟ್ಟದ್ದು ಅಕ್ಕನ ಗಂಡ, ನಮ್ಮ ಮಾಮಾ. "ಆವಾಗೇನ್, ಮುಂದಿನ ಊರಿನ ಬ್ರಿಜ್ ಮ್ಯಾಲಿಂದ ಸುತ್ತ ಹಾಕೂದು. ಎಮ್ಮಿ ಹೊಡ್ಕೊಂಡ ಹೋಗಿ ಬರೂದ್ರಾಗ ಹೊತ್ತ ಮುಣಗ್ತೈತಿ. ಅದಕ್ಕ ಆ ದಂಡಿಯವರು ತ್ವಾಟ ಕೇಳಾಕತ್ತಾರ. ಕೊಟ್ಟ ಬಿಡೂನು ಅಂತೇನಿ ನಾ."

"ಕೊಡಾಕ ನೀವೇನ್ ಗಿಡಕ್ಕ ಕೊಡಾ ಹೊತ್ತ ನೀರ ಹಾಕಿದ್ರೇನು?" ಎಂದಳು ಅಕ್ಕ, ಆ ದಂಡೆಯಿಂದಲೇ, ತಿರುಗಿಯೂ ನೋಡದೆ.

ಮಾಮಾ ನನ್ನ ಕಡೆ ನೋಡಿ ನಕ್ಕರು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ. ದಾಟಲು ಒಂದು ಸಣ್ಣ ಸೇತುವೆ ಆಗದಿದ್ದರೆ ತೋಟ ಅಕ್ಕನ ಕೈ ತಪ್ಪುವುದು ಖಂಡಿತ. ಊರವರು ಕಾಲುವೆಯ ಕಚೇರಿಗೆ ಹೋಗಿ ಕೇಳಿ ಬಂದಿದ್ದರು. "ಮೇಲಿಂದ ಬರಬೇಕು" ಎಂದಷ್ಟೇ ಹೇಳಿ ಅಲ್ಲಿಯವರು ಕಳಿಸಿದ್ದರು. ಮೇಲೆ ಎಂದರೆ ಎಷ್ಟು ಮೇಲೆ ಎಂದು ಯಾರೂ ಕೇಳಿರಲಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ನಾನು ವ್ಯಾಪಾರ ಕಲಿತದ್ದು ದನದ ಸಂತೆಯಲ್ಲಿ, ಸಾಲಿ ಬಿಟ್ಟ ಮೇಲೆ. ಈಗ ಇಂಡಿಯಲ್ಲಿ ಲಿಂಬೆಹಣ್ಣಿನ ಅಂಗಡಿ ಇದೆ, ನಾನೇ ಕಟ್ಟಿದ್ದು. ಮೇಲಿನವರ ಹತ್ತಿರ ಕೇಳುವುದು ನನಗೆ ಹೊಸದಲ್ಲ, ಮೇಲಿನವರು ಯಾರು ಎಂದು ಮೊದಲು ತಿಳಿಯಬೇಕು, ಅಷ್ಟೇ. ಹೀಗಾಗಿ ಒಬ್ಬ ಶಾಸಕರ ಕಚೇರಿಗೆ ಹೋದೆ. ಶಾಸಕರು ಇರಲಿಲ್ಲ. ಅವರ ಆಪ್ತ ಸಹಾಯಕ ಇದ್ದರು, ಮುದ್ದೇಬಿಹಾಳದ ಕಡೆಯವರು, ಮಾತು ಕಡಿಮೆ, ಚಹಾ ಜಾಸ್ತಿ. ನನ್ನ ಕತೆ ಪೂರ್ತಿ ಕೇಳಿ, ಕಪಾಟಿನಿಂದ ಒಂದು ಕಟ್ಟು ಹಾಳೆ ತೆಗೆದು ಮುಂದಿಟ್ಟರು.

"ಸಾವ್ಕಾರ್ರ, ಬೆಳಗಾವಿ ಅಧಿವೇಶನ ಹತ್ರ ಬಂದೈತಿ. ಸಾಹೇಬ್ರ ಹೆಸರ್ಲೆ ಒಂದ್ ಪ್ರಶ್ನಿ ಕಳಸೂನು. ಮಂತ್ರಿ ಬರದು ಉತ್ತರಾ ಕೊಡಬೇಕು, ಸಹಿ ಹಾಕಿ. ಅದು ಕಾಯ್ದೆ."

"ಯಾವ ಮಂತ್ರಿ ನನ್ನ ಅಕ್ಕನ ಎಮ್ಮಿ ಸುದ್ದಿ ಬರೀತಾರ?"

"ನೋಡ್ರಿ ಇಲ್ಲೆ" ಎಂದು ಹಾಳೆ ತೋರಿಸಿದರು.

ಆ ಕಟ್ಟು ನನ್ನ ಜೀವನದಲ್ಲಿ ನಾನು ಓದಿದ ಅತ್ಯಂತ ಚಂದದ ಬರಹಗಳಲ್ಲಿ ಒಂದು. ನಗಬೇಡಿ. ಪ್ರತಿ ಹಾಳೆಯ ಎಡಕ್ಕೆ ಶಾಸಕರ ಪ್ರಶ್ನೆ, ಅ, ಆ, ಇ ಎಂದು ತುಂಡು ತುಂಡಾಗಿ. ಬಲಕ್ಕೆ, ಅದರ ಎದುರಿಗೇ, ಮಂತ್ರಿಯ ಉತ್ತರ. ಯಾವುದೋ ಊರಿನ ಸಾಲಿಗೆ ಮಾಸ್ತರರು ಎಷ್ಟು ಜನ, ಯಾವುದೋ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬಾಗಿಲು ಯಾವಾಗ, ಯಂಕಂಚಿಯಂಥ ಊರಿನ ದನದ ದವಾಖಾನೆಗೆ ಡಾಕ್ಟರ್ ಯಾಕಿಲ್ಲ. ಎಲ್ಲವನ್ನೂ ಯಾರೋ ಕೇಳಿದ್ದಾರೆ, ಎಲ್ಲದಕ್ಕೂ ಯಾರೋ ಸಹಿ ಹಾಕಿದ್ದಾರೆ. ಪ್ರಶ್ನೆಗಳಲ್ಲಿ ಎರಡು ಜಾತಿ ಎಂದು ಆಪ್ತ ಸಹಾಯಕರು ತಿಳಿಸಿದರು. ಚುಕ್ಕೆ ಗುರುತಿನದಾದರೆ ಮಂತ್ರಿ ಸದನದಲ್ಲಿ ಎದ್ದುನಿಂತು ಬಾಯಲ್ಲಿ ಹೇಳಬೇಕು. ಚುಕ್ಕೆ ಗುರುತಿಲ್ಲದ್ದಾದರೆ ಬರೆದು ಕೊಟ್ಟರೆ ಸಾಕು. ನಾನು ಚುಕ್ಕೆಯಿಲ್ಲದ್ದೇ ಇರಲಿ ಎಂದೆ. ಬಾಯಿಮಾತನ್ನು ನಂಬಿ ವ್ಯಾಪಾರ ಮಾಡುವ ವಯಸ್ಸು ನನ್ನದಲ್ಲ.

ಪ್ರಶ್ನೆ ಬರೆಯಲು ಅಂಗಡಿಯಲ್ಲಿ ಕೂತೆವು. ನಾನು, ಮತ್ತು ಸಿಂದಗಿಯ ನನ್ನ ದೋಸ್ತ, ಹಣ್ಣಿನ ದಲ್ಲಾಳಿ. ಅವನ ಅಜ್ಜನ ಕಾಲದಿಂದ ಅವರ ಮನೆಯವರು ಇದೇ ಧಂದೆಯಲ್ಲಿದ್ದಾರೆ. ನಮ್ಮ ಕಡೆ ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಕಟ್ಟುತ್ತಾರೆ. ಮಾರುವವನು ಮೊದಲು ಆಕಾಶದಷ್ಟು ಕೇಳುತ್ತಾನೆ, ಕೊಳ್ಳುವವನು ಅವನ ಬೆರಳು ಒತ್ತಿ ಒತ್ತಿ ನೆಲಕ್ಕೆ ಇಳಿಸುತ್ತಾನೆ. ಹೀಗೆ ಬೆಳೆದ ಇಬ್ಬರು ಸರ್ಕಾರಕ್ಕೆ ಪ್ರಶ್ನೆ ಬರೆದರೆ ಏನಾದೀತು?

"ಸಣ್ಣ ಬ್ರಿಜ್ ಅಂತ ಬರದಿ ಅಂದ್ರ ಹಲಗಿ ಹಾಕಿ ಹೋಗ್ತಾರ" ಎಂದ ದೋಸ್ತ. "ಲಾರಿ ಹೋಗೂ ಬ್ರಿಜ್ ಕೇಳು."

"ಡಾಂಬರ್ ರಸ್ತಾನೂ ಕೇಳೂನು, ಎರಡೂ ಕಡಿ."

"ಲೈಟಿನ ಕಂಬಾ?"

"ಅದ ಬ್ಯಾಡ. ಚೇಷ್ಟಾ ಅನ್ಕೋತಾರ."

ಕೊನೆಗೆ ಪ್ರಶ್ನೆ ಹೀಗೆ ನಿಂತಿತು: ರೈತರ ದಾರಿ ಕಾಲುವೆಯಿಂದ ಕಡಿದುಹೋಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಅಲ್ಲಿ ಭಾರಿ ವಾಹನಗಳು ಸಂಚರಿಸುವ ಸೇತುವೆ ಹಾಗೂ ಎರಡೂ ಬದಿಗೆ ಡಾಂಬರು ರಸ್ತೆ ನಿರ್ಮಿಸುವ ಪ್ರಸ್ತಾವನೆ ಇದೆಯೇ, ಇದ್ದಲ್ಲಿ, ಯಾವಾಗ ಪೂರ್ಣಗೊಳಿಸಲಾಗುವುದು? ಲಾರಿ ಕೇಳಿದರೆ ಟ್ರ್ಯಾಕ್ಟರಿಗೆ ಇಳಿಯುತ್ತಾರೆ, ಟ್ರ್ಯಾಕ್ಟರಿನಿಂದ ಎಮ್ಮೆಗೆ ಇಳಿಯುತ್ತಾರೆ, ನಮಗೆ ಬೇಕಾದದ್ದು ಎಮ್ಮೆಯೇ ತಾನೇ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮೀಸೆಯಲ್ಲೇ ನಕ್ಕೆವು.

ಉತ್ತರ ಬಂದ ದಿನ ನಾನು ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಆಪ್ತ ಸಹಾಯಕರು ಮೊಬೈಲಿಗೆ ಹಾಳೆ ಕಳಿಸಿದ್ದರು. ಗಮನಕ್ಕೆ ಬಂದಿದೆಯೇ ಎಂಬುದರ ಎದುರಿಗೆ "ಬಂದಿರುತ್ತದೆ" ಎಂದಿತ್ತು. ಬೆಂಗಳೂರಿನ ಒಂದು ಕುರ್ಚಿಗೆ ನಮ್ಮ ಅಕ್ಕನ ದಾರಿ ಗೊತ್ತಾಯಿತಲ್ಲ ಎಂದು ಎದೆ ಉಬ್ಬಿತು. ಪ್ರಸ್ತಾವನೆ ಇದೆಯೇ ಎಂಬುದರ ಎದುರಿಗೆ "ಇರುವುದಿಲ್ಲ." ಯಾವಾಗ ಎಂಬುದರ ಎದುರಿಗೆ "ಉದ್ಭವಿಸುವುದಿಲ್ಲ." ಕೆಳಗೆ ಸಹಿ.

ಸಿಂದಗಿಗೆ ಫೋನು ಹಚ್ಚಿ ಓದಿ ಹೇಳಿದೆ.

"ಮತ್ತ ಸಣ್ಣ ಬ್ರಿಜ್ಜಿಂದು ಏನಂದ್ರು?" ಎಂದ ದೋಸ್ತ.

"ಏನೂ ಅಂದಿಲ್ಲ. ಅದನ್ನ ನಾವು ಕೇಳಿಲ್ಲಲ್ಲ."

"ತಳಗ ಇಳೀಲೇ ಇಲ್ಲೇನು?"

"ಇಲ್ಲ ಭಾಯಿ. ಇಲ್ಲ ಅಂದ್ರು, ಎದ್ದ ಹೋದ್ರು."

"ಇವರು ಸಂತಿ ಮಾಡಿದ ಮಂದಿ ಅಲ್ಲ ಬಿಡು" ಎಂದ ಅವನು.

ನಿಜ. ಬರೆದ ಪ್ರಶ್ನೆಗೆ ವಲ್ಲಿ ಇಲ್ಲ. ಎಷ್ಟು ಕೇಳಿದ್ದೀರೋ ಅಷ್ಟಕ್ಕೇ ಹೌದು ಅಥವಾ ಇಲ್ಲ. ನಡುವೆ ಬೆರಳು ಒತ್ತಲು ಜಾಗವಿಲ್ಲ. ಅಕ್ಕನಿಗೆ ಹೇಳಿದಾಗ ಅವಳು ಬಯ್ಯಲಿಲ್ಲ. "ನಾ ಯಾವಾಗ ಲಾರಿ ಹೊಡದಿದ್ದೆ ತಮ್ಮಾ?" ಎಂದು ಮಾತ್ರ ಕೇಳಿದಳು. ಮಾಮಾ ಮಾತ್ರ ಆ ದಂಡೆಯವರಿಗೆ ಹೋಳಿ ಹುಣ್ಣಿಮೆ ಆದ ಮೇಲೆ ಬಂದು ಮಾತು ಮುಗಿಸಿರಿ ಎಂದು ಹೇಳಿ ಕಳಿಸಿಬಿಟ್ಟಿದ್ದರು.

ನನಗೆ ಸೋತ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ ಹಿಡಿಯಿತು. ಕೆಲವರಿಗೆ ಕೆಲಸ ಆಗುವಂಥ ಉತ್ತರ ಸಿಕ್ಕಿದೆ, ನಮಗೆ ಸಿಗಲಿಲ್ಲ; ಏನು ವ್ಯತ್ಯಾಸ? ಆಪ್ತ ಸಹಾಯಕರ ಕಪಾಟಿನ ಕಟ್ಟುಗಳನ್ನೆಲ್ಲ ಅಂಗಡಿಗೆ ತಂದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಲು ಕೂತೆ. ಓದುತ್ತ ಓದುತ್ತ ಉತ್ತರಗಳ ಸ್ವಭಾವ ತಿಳಿಯತೊಡಗಿತು. "ಪರಿಶೀಲನೆಯಲ್ಲಿದೆ" ಎಂದರೆ ಹಣ್ಣು ಇನ್ನೂ ಗಿಡದಲ್ಲಿದೆ. "ಕ್ರಮ ಕೈಗೊಳ್ಳಲಾಗುವುದು" ಎಂದರೆ ಯಾರೋ ಒಬ್ಬರು ಬುಟ್ಟಿ ಹಿಡಿದು ನಿಂತಿದ್ದಾರೆ, ಆದರೆ ಕೊಯ್ದಿಲ್ಲ. "ಮಾಹಿತಿಯನ್ನು ಅನುಬಂಧದಲ್ಲಿ ಒದಗಿಸಿದೆ" ಎಂದಿದ್ದರೆ ಮಾತ್ರ ತಪ್ಪದೆ ಹಿಂದೆ ಹಚ್ಚಿದ ಹಾಳೆ ತಿರುವಬೇಕು. ಲಿಂಬೆಯ ಚೀಲದ ಬಾಯಿಗೆ ಇಟ್ಟ ಹಣ್ಣು ನೋಡಿ ಯಾರೂ ದರ ಕಟ್ಟುವುದಿಲ್ಲ, ತಳದ ಹಣ್ಣು ನೋಡುತ್ತಾರೆ. ಅನುಬಂಧವೂ ಹಾಗೆ. ಊರು, ಕೆಲಸ, ಎಲ್ಲಿಗೆ ಬಂದು ನಿಂತಿದೆ, ಎಲ್ಲ ಅಲ್ಲಿರುತ್ತದೆ.

ಇನ್ನೊಂದು ಸಂಗತಿ ಕಂಡಿತು. "ಇದೆಯೇ" ಎಂದು ಕೇಳಿದ ಕಡೆ "ಇಲ್ಲ" ಎಂಬ ಒಂದೇ ಶಬ್ದಕ್ಕೆ ಬಾಗಿಲು ಮುಚ್ಚಿತ್ತು. "ಯಾವ ದಾರಿ", "ಎಲ್ಲಿ", "ಎಷ್ಟು ದಿನ" ಎಂದು ಕೇಳಿದ ಕಡೆ ಉತ್ತರ ಎರಡು ಸಾಲಾದರೂ ಬೆಳೆದಿತ್ತು. ಅದಕ್ಕೇ ಹೇಳುತ್ತೇನೆ, ನೀವು ಸರ್ಕಾರವನ್ನಾಗಲಿ, ಬ್ಯಾಂಕನ್ನಾಗಲಿ, ಬೀಗರನ್ನಾಗಲಿ ಏನಾದರೂ ಕೇಳುವುದಿದ್ದರೆ, ಇಲ್ಲ ಎಂದು ಹೇಳಿ ಮುಗಿಸಲು ಬರುವ ಪ್ರಶ್ನೆ ಕೇಳಬೇಡಿ. ಕೇಳಿದರೆ ನಿಮ್ಮ ಎದುರಿನವರ ಕೆಲಸ ನೀವೇ ಹಗುರ ಮಾಡಿ ಕೊಟ್ಟ ಹಾಗೆ.

ಬೆಂಗಳೂರಿನ ಬಜೆಟ್ ಅಧಿವೇಶನಕ್ಕೆ ಎರಡನೇ ಪ್ರಶ್ನೆ ಕಳಿಸಿದೆವು. ಈ ಸಲ ದೋಸ್ತನನ್ನು ಹೊರಗೆ ಚಹಾ ಹೇಳಲು ಕಳಿಸಿ ನಾನೊಬ್ಬನೇ ಬರೆದೆ. ಸದರಿ ಬಂಡಿದಾರಿಯನ್ನು ಬಳಸುತ್ತಿರುವ ರೈತರು ಯಾರು. ಕಾಲುವೆಗೆ ನೀರು ಹರಿಸಿದ ನಂತರ ಈ ರೈತರು ಮತ್ತು ಅವರ ಜಾನುವಾರುಗಳು ತಮ್ಮ ಜಮೀನಿಗೆ ಯಾವ ಮಾರ್ಗವಾಗಿ ಹೋಗಬೇಕು. ಜನ, ಜಾನುವಾರು ದಾಟಲು ಕಾಲುಸೇತುವೆ ನಿರ್ಮಿಸಲು ತಗಲುವ ಕಾಲವೆಷ್ಟು? ಅಷ್ಟೇ. ಆಪ್ತ ಸಹಾಯಕರು ಓದಿ, "ಸಾವ್ಕಾರ್ರ, ಈ ಸಲ ಲಾರಿ ಎಲ್ಲಿ ಹೋತು?" ಎಂದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಬರೆದ ಪ್ರಶ್ನೆ ಹೇಗೆ ಪ್ರಯಾಣ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಮಂತ್ರಿಗೆ ನಮ್ಮ ಬಂಡಿದಾರಿ ಹೇಗೆ ಗೊತ್ತಿರಬೇಕು? ಅವರು ತಮ್ಮ ಕೆಳಗಿನವರನ್ನು ಕೇಳುತ್ತಾರೆ, ಅವರು ತಮ್ಮ ಕೆಳಗಿನವರನ್ನು. ಕಚೇರಿಗಳಲ್ಲಿ ಇಂಥ ವಿಧಾನಸಭೆಯ ಪ್ರಶ್ನೆಗೆ ಎಲ್‌ಎಕ್ಯೂ ಎನ್ನುತ್ತಾರೆ, ಆ ಶಬ್ದ ಕೇಳಿದರೆ ಊಟಕ್ಕೆ ಎದ್ದವರೂ ಕೂರುತ್ತಾರಂತೆ. ಇಳಿಯುತ್ತ ಇಳಿಯುತ್ತ ಅದು ಕೊನೆಗೆ ಯಾರೋ ಒಬ್ಬರ ತಲೆಯ ಮೇಲೆ ಬಂದು ನಿಲ್ಲುತ್ತದೆ; ಅವರ ಕೆಳಗೆ ಕೇಳಲು ಮತ್ತೆ ಯಾರೂ ಇರುವುದಿಲ್ಲ, ನೆಲ ಮಾತ್ರ ಇರುತ್ತದೆ. ಅವರು ಬೈಕ್ ಹತ್ತಿ ಬಂದು ನೋಡಲೇಬೇಕು.

ನಾನು ಮನಗೂಳಿಯಲ್ಲಿ ಒಬ್ಬ ರೈತರ ಲಿಂಬೆ ನೋಡುತ್ತಿದ್ದಾಗ ಅಕ್ಕನ ಫೋನು ಬಂತು. "ಯಾರೋ ಸಾಹೇಬ್ರು ಟೇಪ್ ಹಿಡ್ಕೊಂಡ ಬಂದಾರ. ಲಗೂ ಬಾ." ಹೋಗುವಷ್ಟರಲ್ಲಿ ಒಬ್ಬ ತರುಣ ಎಂಜಿನಿಯರ್ ಕಾಲುವೆಯ ದಂಡೆಯ ಮೇಲೆ ನಿಂತಿದ್ದರು. ಮೈಸೂರು ಕಡೆಯವರು, ಮಾತು ಮೆತ್ತಗೆ.

"ನೀರು ಬಂದ ಮೇಲೆ ಯಾವ ದಾರಿಯಲ್ಲಿ ಹೋಗ್ತೀರಮ್ಮ ಅಂತ ನಾನು ಬರೀಬೇಕು" ಎಂದರು ಅಕ್ಕನಿಗೆ.

"ನೀರ ಬಂದ ಮ್ಯಾಲಿಂದು ನನಗೇನ್ ಗೊತ್ತರಿ? ಈಗ ಹೋಗೂದು ತೋರಸ್ತೇನಿ, ಬರ್ರಿ."

"ಇಲ್ಲಿಂದಲೇ ಕಾಣ್ತಿದೆಯಲ್ಲ."

"ಕಾಣೂದು ಬ್ಯಾರೆ ಸಾಹೇಬ್ರ. ಬೂಟ ತಗೀರಿ, ಜಾರ್ತೈತಿ."

ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಬೂಟು ಕೈಯಲ್ಲಿ ಹಿಡಿದು ಅವರು ಇಳಿದರು, ನಡುವೆ ಒಮ್ಮೆ ಕೂತೇ ಜಾರಿದರು. ಆ ಕಡೆ ಹತ್ತುವಾಗ ಅಕ್ಕ ಎಮ್ಮೆಯ ಹಗ್ಗವನ್ನು ಅವರ ಕೈಗೆ ಕೊಟ್ಟು, "ಇದನ್ನ ಹಿಡೀರಿ, ಅದ ಎಳಕೊಂಡ ಹೊಕ್ಕೈತಿ" ಎಂದಳು. ಎಮ್ಮೆ ಎಳೆದುಕೊಂಡೇ ಹೋಯಿತು. ತೋಟದಲ್ಲಿ ಲಿಂಬೆ ಶರಬತ್ತು ಕುಡಿದು, ಬೆವರು ಒರೆಸಿಕೊಂಡು, ಅವರು ಎರಡೂ ದಂಡೆ ಅಳೆದರು. ಹೋಗುವಾಗ ನನಗೆ, "ಈ ಪ್ರಶ್ನೆ ಯಾರು ಬರೆದದ್ದು ಸಾರ್? ಉತ್ತರ ಬರೆಯೋಕೆ ಬಹಳ ಕಷ್ಟ" ಎಂದರು. ಅಷ್ಟು ಹಿತವಾದ ಮಾತನ್ನು ಯಾವ ಗಿರಾಕಿಯೂ ನನಗೆ ಹೇಳಿಲ್ಲ.

ಉತ್ತರ ಬಂತು. ರೈತರ ವಿವರ ಅನುಬಂಧದಲ್ಲಿತ್ತು, ಅಕ್ಕನ ಮನೆಯೂ ಅದರಲ್ಲಿ ಸೇರಿತ್ತು. ದಾರಿಯ ಪ್ರಶ್ನೆಗೆ, ಪ್ರಸ್ತುತ ಮುಂದಿನ ಸೇತುವೆಯ ಮೂಲಕ ಸುತ್ತಿಕೊಂಡು ಹೋಗಬೇಕಾಗಿರುತ್ತದೆ ಎಂದಿತ್ತು. ಕೊನೆಯದಕ್ಕೆ, ಸ್ಥಳ ಪರಿಶೀಲನೆ ನಡೆಸಲಾಗಿದ್ದು ಕಾಲುಸೇತುವೆಯ ಅಗತ್ಯ ಕಂಡುಬಂದಿರುತ್ತದೆ, ಅಂದಾಜು ಪಟ್ಟಿ ತಯಾರಿಸಲಾಗಿದೆ, ಅನುದಾನದ ಲಭ್ಯತೆಗೆ ಅನುಗುಣವಾಗಿ ಕಾಮಗಾರಿ ಕೈಗೊಳ್ಳಲಾಗುವುದು ಎಂದಿತ್ತು.

ಹೋಳಿ ಆಗಿತ್ತು. ತೋಟ ಕೇಳಿದ್ದ ಆ ದಂಡೆಯ ಯಜಮಾನರು ಅಕ್ಕನ ಮನೆಯ ಕಟ್ಟೆಗೆ ಬಂದು ಕೂತಿದ್ದರು, ಹಿರಿಯರು, ಒಳ್ಳೆಯ ಮನುಷ್ಯರೇ. ಮಾಮಾ ಅವರ ಪಕ್ಕದಲ್ಲಿ. ವಲ್ಲಿ ಹರಡಿತ್ತು, ಅದರ ಕೆಳಗೆ ಇಬ್ಬರ ಕೈಗಳೂ ಆಗಲೇ ಸೇರಿದ್ದವು. ನಾನು ಮೊಬೈಲ್ ತೆಗೆದು ಉತ್ತರವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಅನುದಾನ ಬಂದಾಗ ಬರ್ತೈತಿ" ಎಂದರು ಯಜಮಾನರು ಮೆಲ್ಲಗೆ. "ಗಿಡಾ ಅಲ್ಲೀತನಾ ತಡೀತಾವೇನ್ರಿ ಸಾವ್ಕಾರ್ರ?"

ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ತಮ್ಮಾ, ಒಂದ ಹೇಳು. ನಿನ್ನ ಸಂತ್ಯಾಗ ಇಂಥಾ ಮಾತ ಬಂತಂದ್ರ ನೀ ಎದ್ದ ಹೋಗ್ತೀಯೋ, ಕುಂದರ್ತೀಯೋ?"

ಇದು ಲಿಂಬೆಯ ಚೌಕಾಶಿಯಲ್ಲ ಎಂದು ನನಗೆ ಗೊತ್ತಿತ್ತು. ನಾನು ತಪ್ಪು ಹೇಳಿದರೆ ಸುತ್ತು ಹಾಕಿ ಸಾಯುವವಳು ಅವಳು. ಇನ್ನೊಮ್ಮೆ ಓದಿಕೊಂಡೆ.

"ಕುಂದರ್ತೇನಿ ಅಕ್ಕಾ" ಎಂದೆ. "ಹೋದ ಸಲ ಮಾಲೇ ಇಲ್ಲ ಅಂದಿದ್ರು. ಈ ಸಲ ಮಾಲ್ ಐತಿ, ಬೇಕು ಅನ್ನೂದು ಖರೇ, ಬರೂ ವಾರ ಬಾ ಅಂತಾರ. ಅಗತ್ಯ ಐತಿ ಅಂತ ತಾವೇ ಸಹಿ ಹಾಕ್ಯಾರ. ಕೊಡೂ ಮಂದಿ ಹಿಂಗ ಮಾತಾಡ್ತಾರ. ಆದ್ರ ಈ ಮಳಿಗಾಲ ಸುತ್ತ ಹಾಕೂದು ನಿನಗ ತಪ್ಪಂಗಿಲ್ಲ. ಅದನ್ನೂ ಹೇಳ್ತೇನಿ."

"ಸುತ್ತ ಹಾಕ್ತೇನಿ. ಗಿಡಾ ನನ್ನವು."

ಮಾಮಾ ವಲ್ಲಿಯ ಕೆಳಗಿನಿಂದ ಕೈ ತೆಗೆದುಕೊಂಡರು. ಯಜಮಾನರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, "ರೊಟ್ಟಿ ಆಗಿದ್ರ ನೀಡ್ರಿ ತಂಗೀ, ಉಂಡಾದ್ರೂ ಹೋಗ್ತೇನಿ" ಎಂದರು. ಎಲ್ಲರೂ ಕೂಡಿಯೇ ಉಂಡೆವು.

ಮಳೆಗಾಲಕ್ಕೆ ಕಾಲುವೆ ತುಂಬಿ ಹರಿಯಿತು. ಅಕ್ಕ ಇಡೀ ಹಂಗಾಮು ಮಾಮಾನ ಬೈಕಿನ ಹಿಂದೆ ಕೂತು ತೋಟಕ್ಕೆ ಹೋದಳು. ಎಮ್ಮೆಗಳನ್ನು ಆ ದಂಡೆಯ ಯಜಮಾನರೇ ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡರು. ಮಾಮಾ ಗೊಣಗಿದರು, ಅಕ್ಕ ಅದಕ್ಕಿಂತ ಜೋರಾಗಿ ಗೊಣಗಿದಳು. ನಾನು ಸುಮ್ಮನಿರಲಿಲ್ಲ. ಸರ್ಕಾರ ಒಮ್ಮೆ ಬರೆದು ಕೊಟ್ಟ ಮಾತನ್ನು ಅದರ ಪ್ರಶ್ನೆಯ ಸಂಖ್ಯೆ ಹಿಡಿದೇ ಮತ್ತೆ ಕೇಳಬೇಕು, ಹೊಸದಾಗಿ ಶುರು ಮಾಡಬಾರದು. ಇದೂ ಕಟ್ಟು ಓದಿ ಕಲಿತದ್ದು. ಮುಂದಿನ ಬೆಳಗಾವಿ ಅಧಿವೇಶನಕ್ಕೆ ಮೂರನೇ ಪ್ರಶ್ನೆ ಹೋಯಿತು, ಒಂದೇ ಸಾಲಿನದು: ಆ ಉತ್ತರದಲ್ಲಿ ಹೇಳಿದ ಕಾಮಗಾರಿ ಈಗ ಯಾವ ಹಂತದಲ್ಲಿದೆ? ಬೇಸಿಗೆಗೆ ಕಾಲುವೆಯ ನೀರು ನಿಂತ ಮೇಲೆ ಜಲ್ಲಿಯ ಗಾಡಿ ಬಂತು.

ಸೇತುವೆ ಸಣ್ಣದು, ಎರಡು ಎಮ್ಮೆ ಜೋಡಿಯಾಗಿ ಹೋಗುವಷ್ಟು ಅಗಲ. ಸಿಮೆಂಟು ಒಣಗಿ, ದಾಟಲು ಬಿಟ್ಟ ದಿನ ನಾನೂ ದೋಸ್ತನೂ ಹೋಗಿದ್ದೆವು. ಅಕ್ಕ ಮುಂದೆ ನಡೆದಳು. ಹಿಂದೆ ಹಿರೀ ಎಮ್ಮೆ ಸೇತುವೆಯ ಬಾಯಿಗೆ ಬಂದು, ಮೂಸಿ ನೋಡಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಹಗ್ಗ ಎಳೆದರೆ ಕತ್ತು ಮಾತ್ರ ಉದ್ದವಾಯಿತು. ಆಮೇಲೆ ನಿಧಾನಕ್ಕೆ ತಿರುಗಿ, ಪಕ್ಕದ ಇಳಿಜಾರಿನ ಕಡೆ ನಡೆಯಿತು.

"ಇದನ್ನೂ ಒಂದ್ ಕೇಳ್ ಸಾವ್ಕಾರ" ಎಂದ ದೋಸ್ತ. "ಎಮ್ಮಿ ಒಲ್ಲೆ ಅಂದಿದ್ದು ಸರ್ಕಾರದ ಗಮನಕ್ಕ ಬಂದೈತೇನು ಅಂತ."

ಮಾಮಾ ಎಷ್ಟು ನಕ್ಕರೆಂದರೆ ಅವರಿಗೆ ಕೂರಬೇಕಾಯಿತು. ಅಕ್ಕ ನಗಲಿಲ್ಲ. ತೋಟದ ಬದುವಿನಿಂದ ಬುಟ್ಟಿಗಟ್ಟಲೆ ಮಣ್ಣು ತಂದು ಸೇತುವೆಯ ಮೇಲೆ ಸುರಿದಳು, ಅದರ ಮೇಲೆ ಜೋಳದ ಕಣಿಕೆ ಹಾಸಿದಳು, ಕಾಲಿನಿಂದ ಮೆಟ್ಟಿ ಮೆಟ್ಟಿ ಸಮ ಮಾಡಿದಳು. ಎಮ್ಮೆ ಮತ್ತೆ ಬಂದು ಮೂಸಿತು. ಒಂದು ಕಣಿಕೆ ಬಾಯಿಗೆ ತೆಗೆದುಕೊಂಡು, ಅದನ್ನು ಅಗಿಯುತ್ತ, ಅಕ್ಕನ ಹಿಂದೆ ನೆಟ್ಟಗೆ ಆ ದಂಡೆಗೆ ನಡೆಯಿತು.